15 ಶೆಕೆಲ್ ಬೆಳ್ಳಿ, ಮೇಲೆ ಜವೆಗೋದಿ

ವರ್ಷಕ್ಕೊಮ್ಮೆ ದೇವರಿಗೆ ಮಾತು ಕೊಡುವ ಮಂದಿ ನಾವು. ಮೆಥೋಡಿಸ್ಟ್ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯೋ ಹೊಸ ವರ್ಷದ ಮೊದಲ ಭಾನುವಾರವೋ ಒಡಂಬಡಿಕೆಯ ಆರಾಧನೆ ಇರುತ್ತದೆ. ಸಭೆಯೆಲ್ಲ ಎದ್ದು ನಿಂತು ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಆ ಪ್ರಾರ್ಥನೆಯ ಸಾರ ನನ್ನ ಮಾತಿನಲ್ಲಿ ಇಷ್ಟು: ನಾನು ಇನ್ನು ನನ್ನ ಸ್ವತ್ತಲ್ಲ, ನಿನ್ನ ಸ್ವತ್ತು, ಯಾವ ಕೆಲಸಕ್ಕಾದರೂ ಹಚ್ಚು, ಯಾರ ಪಕ್ಕದಲ್ಲಾದರೂ ನಿಲ್ಲಿಸು, ತುಂಬಿದರೂ ಸರಿ, ಬರಿದು ಮಾಡಿದರೂ ಸರಿ. ಹೇಳಲು ಎರಡು ನಿಮಿಷ ಬೇಡ. ಪಾಲಿಸಲು ಹೊರಟರೆ ಸಂಕ್ರಾಂತಿ ದಾಟುವುದೇ ಕಷ್ಟ.

ಈ ಪದ್ಧತಿ ಮೆಥೋಡಿಸ್ಟ್ ಪಂಥಕ್ಕೆ ಮೊದಲಿಟ್ಟ ಇಂಗ್ಲೆಂಡಿನ ಜಾನ್ ವೆಸ್ಲಿಯವರಿಂದ ಬಂದದ್ದು. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ತೋರಿದರೆಂದು ಅವರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿಂದ ಹೊರಟ ಮಾತು ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ನಮ್ಮ ಹಳ್ಳಿಯ ಸಣ್ಣ ಚರ್ಚಿಗೂ ಬಂದು ಮುಟ್ಟಿದೆ. ಒಬ್ಬ ಪಾಸ್ಟರ್ ಸಾಬ್ರಿಗೆ ನಾಲ್ಕೈದು ಹಳ್ಳಿಯ ಸರ್ಕ್ಯೂಟ್. ಎಲ್ಲ ಕಡೆಯೂ ಹನ್ನೆರಡಕ್ಕೇ ಇರಲಾರರಲ್ಲ, ಹಾಗಾಗಿ ನಮ್ಮೂರಿನಲ್ಲಿ ನಡುರಾತ್ರಿ ಎಂಟು ಗಂಟೆಗೇ ಆಗಿಬಿಡುತ್ತದೆ. ಸ್ವೆಟರ್ ಮೇಲೆ ಮಫ್ಲರ್ ಸುತ್ತಿಕೊಂಡ ಗಂಡಸರು, ಚಾದರದೊಳಗೆ ಕೂಸು ಕಟ್ಟಿಕೊಂಡ ಹೆಣ್ಣುಮಕ್ಕಳು, ಎಲ್ಲರೂ ನಿಂತು ಅದನ್ನೇ ಹೇಳುತ್ತೇವೆ.

ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತ ನಮ್ಮ ಪೈಕಿ ಒಬ್ಬ ಆಯಿ ಕೇಳಿದ್ದು ಕಿವಿಯಲ್ಲೇ ಉಳಿದಿದೆ: “ಒಂದ್ಸಲ ಕೊಟ್ಟ ಮಾತ ಸಾಲಂಗಿಲ್ಲೇನ್ರಿ? ವರ್ಷಾ ವರ್ಷಾ ಯಾಕ ಕೊಡಸ್ತಾರ?” ಯಾರೋ ನಕ್ಕರು. ಪಾಸ್ಟರ್ ಸಾಬ್ರು ಮುಂದಿನ ಹಳ್ಳಿಗೆ ಹೊರಡುವ ಅವಸರದಲ್ಲಿದ್ದರು. ಪ್ರಶ್ನೆ ಮಾತ್ರ ಸಣ್ಣದಲ್ಲ. ಮುರಿದದ್ದಕ್ಕೇ ತಾನೇ ಮತ್ತೆ ಕೊಡುವುದು? ಇಬ್ಬರ ನಡುವಿನ ಒಡಂಬಡಿಕೆಯಲ್ಲಿ ಒಬ್ಬರೇ ಪ್ರತಿ ವರ್ಷ ಹೊಸದಾಗಿ ಮಾತು ಕೊಡುತ್ತಿದ್ದಾರೆ ಎಂದರೆ, ಮುರಿಯುತ್ತಿರುವವರು ಯಾರು ಎಂದು ಬೇರೆ ಹೇಳಬೇಕೆ? ಇನ್ನೊಬ್ಬರು ಈ ಸಂಬಂಧವನ್ನು ಇನ್ನೂ ಏಕೆ ಉಳಿಸಿಕೊಂಡಿದ್ದಾರೆ ಎನ್ನುವುದೇ ಕೇಳಬೇಕಾದ ಮಾತು.

ಅದಕ್ಕೆ ಉತ್ತರ ಹುಡುಕಿದಾಗೆಲ್ಲ ನನ್ನ ಕೈ ಹೋಗುವುದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಹೋಶೇಯನ ಪುಸ್ತಕಕ್ಕೆ. ಹದಿನಾಲ್ಕೇ ಅಧ್ಯಾಯ. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ, ಇಸ್ರಾಯೇಲಿನ ಉತ್ತರ ರಾಜ್ಯದಲ್ಲಿ ಪ್ರವಾದಿಸಿದವನು ಈತ. ಎರಡನೆಯ ಯಾರೊಬ್ಬಾಮನ ಕಾಲ. ಹೊರಗೆ ಸಿರಿ, ಒಳಗೆ ಹುಳ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರು ಸಮಾರ್ಯವನ್ನು ಹಿಡಿದು ಆ ರಾಜ್ಯವನ್ನೇ ಅಳಿಸಿಹಾಕಿದರು. ಆ ಅಳಿವಿಗೆ ಮುಂಚೆ ದೇವರು ಹೋಶೇಯನಿಗೆ ಹೇಳಿದ್ದು ಉಪದೇಶ ಮಾಡಲು ಮಾತ್ರವಲ್ಲ, ಮದುವೆಯಾಗಲು. ಹುಡುಗಿ ದಿಬ್ಲಯಿಮನ ಮಗಳು ಗೋಮೆರ್. ನಂಬಿಕೆಗೆ ನಿಲ್ಲುವವಳಲ್ಲ ಎಂದು ಮೊದಲೇ ಗೊತ್ತಿದ್ದ ಸಂಬಂಧ. ಮೂರು ಮಕ್ಕಳಾದವು, ಇಟ್ಟ ಹೆಸರುಗಳು ಕೇಳಿದವರ ಎದೆ ಝಲ್ಲೆನ್ನುವಂಥವು: ಇಜ್ರೇಲ್ ಎಂದು ರಕ್ತ ಹರಿದ ಊರಿನ ಹೆಸರು ಒಂದಕ್ಕೆ, ಕರುಣೆ ಸಿಗದವಳು ಎಂದು ಮಗಳಿಗೆ, ನನ್ನ ಜನವಲ್ಲ ಎಂದು ಕೊನೆಯವನಿಗೆ. ಆಮೇಲೆ ಅವಳು ಹೊರಟೇ ಹೋದಳು.

ದೇವರು ಗಂಡ, ಆತನ ಜನ ಹೆಂಡತಿ ಎನ್ನುವುದೇ ಈ ಮದುವೆಯ ಅರ್ಥ. ಬೀದರಿನವರಿಗೆ ಈ ರೂಪಕ ಹೊಸದೇನಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣ ಶರಣಸತಿ ಲಿಂಗಪತಿ ಭಾವ ಬೆಳೆದ ನೆಲ. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಅರಮನೆಯನ್ನು ಬಿಟ್ಟು ಕಲ್ಯಾಣಕ್ಕೆ ನಡೆದು ಬಂದ ಅಕ್ಕಮಹಾದೇವಿಯ ಕಥೆ ನಮ್ಮ ಶಾಲೆಯ ಪಾಠ. ಅಲ್ಲಿ ಮಾತಾಡುವವಳು ಸತಿ. ಅವಳ ನಿಷ್ಠೆ ಉರಿಯುವಂಥದ್ದು, ಅವಳ ವಿರಹ ನಮ್ಮನ್ನು ನಾಚಿಸುವಂಥದ್ದು. ಹೋಶೇಯನಲ್ಲಿ ಸತಿ ಬಾಯಿ ಬಿಡುವುದೇ ಇಲ್ಲ. ಹದಿನಾಲ್ಕು ಅಧ್ಯಾಯದಲ್ಲಿ ಗೋಮೆರಳು ತನ್ನ ಬಾಯಿಂದ ಆಡಿದ ಒಂದು ಮಾತೂ ಇಲ್ಲ. ವಿರಹ ಪಡುವವನು, ಹುಡುಕುವವನು, ಸಿಟ್ಟಾಗಿ ಮತ್ತೆ ಕರಗುವವನು ಪತಿ. ಅಕ್ಕನ ಹಾಗೆ ಪ್ರೀತಿಸಬಲ್ಲವರು ಎಷ್ಟು ಜನ? ಆ ಎತ್ತರಕ್ಕೆ ಏರಲಾರದ ನನ್ನಂಥವರಿಗೆ ಹೋಶೇಯನ ಪುಸ್ತಕವೇ ಗತಿ.

ಮೂರನೆಯ ಅಧ್ಯಾಯ ಐದೇ ವಚನಗಳದ್ದು. ಹೋಗಿ ಅವಳನ್ನು ಮತ್ತೆ ಪ್ರೀತಿಸು ಎಂದು ದೇವರು ಹೇಳುತ್ತಾನೆ. ಹೆಸರು ಅಲ್ಲಿ ಬರುವುದಿಲ್ಲ, ಆದರೆ ಗೋಮೆರಳೇ ಎಂದು ಬಹಳ ಜನ ಓದುತ್ತಾರೆ. ಅವಳು ಆಗ ಯಾರದೋ ಕೈಯಲ್ಲಿದ್ದಾಳೆ, ಬಿಡಿಸಿಕೊಳ್ಳಲು ಹಣ ಬೇಕು. ಹೋಶೇಯ ಕೊಟ್ಟದ್ದು ಆ ಕಾಲದ ತೂಕದಲ್ಲಿ 15 ಶೆಕೆಲ್ ಬೆಳ್ಳಿ, ಅದರ ಮೇಲೆ ಒಂದೂವರೆ ಹೋಮೆರ್ ಜವೆಗೋದಿ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಚೀಲ. ಎತ್ತು ತಿವಿದು ಆಳೊಬ್ಬ ಸತ್ತರೆ ಅವನ ಧಣಿಗೆ 30 ಶೆಕೆಲ್ ತೆರಬೇಕೆಂದು ಬೈಬಲಿನ ವಿಮೋಚನಕಾಂಡದಲ್ಲಿದೆ. ಹಾಗಾದರೆ ಹೋಶೇಯನ ಬಳಿ ಬೆಳ್ಳಿ ಅರ್ಧಕ್ಕಷ್ಟೇ ಇತ್ತು, ಉಳಿದರ್ಧವನ್ನು ಕಾಳಿನಲ್ಲಿ ತುಂಬಿಕೊಟ್ಟ ಎಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ನನಗೆ ಈ ಊಹೆ ಇಷ್ಟ. ದೊಡ್ಡಸ್ತಿಕೆಯಿಂದ ಗಂಟು ಎಸೆದು ಬಿಡಿಸಿಕೊಂಡು ಬಂದವನಲ್ಲ ಆತ. ಮನೆಯ ಪೆಟ್ಟಿಗೆ ತೆಗೆದು, ಸಾಲದ್ದಕ್ಕೆ ಕಣಜಕ್ಕೂ ಕೈಹಾಕಿ, ತನ್ನದೇ ಹೆಂಡತಿಗೆ ಬೆಲೆ ಕಟ್ಟಿ ಕರೆತಂದ. ನೋಡುವವರು ಆಡಿಕೊಂಡಿರಲಾರರೆ? ಹೋದವಳ ಮಾನಕ್ಕಿಂತ ಕರೆತರಲು ಹೋದವನ ಮಾನವೇ ಅವತ್ತು ಹೆಚ್ಚು ಹೋಗಿರಬೇಕು.

ಕ್ಷಮೆ ಎಂದರೆ ಸುಮ್ಮನೆ “ಹೋಗಲಿ ಬಿಡು” ಎನ್ನುವುದು ಎಂದುಕೊಂಡವರು ಈ ಐದು ವಚನ ಓದಬೇಕು. ತಪ್ಪಿನ ಲೆಕ್ಕ ಗಾಳಿಗೆ ಹಾರಿಹೋಗುವುದಿಲ್ಲ, ಯಾರೋ ಒಬ್ಬರು ಅದನ್ನು ತುಂಬುತ್ತಾರೆ. ಇಲ್ಲಿ ತುಂಬಿದವನು ಮೋಸಹೋದವನೇ. ಕ್ರೈಸ್ತರಾದ ನಾವು ಈ ಬೆಳ್ಳಿಯನ್ನೂ ಜವೆಗೋದಿಯನ್ನೂ ಶಿಲುಬೆಯ ನೆರಳಲ್ಲಿ ಓದುತ್ತೇವೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣಕೊಟ್ಟನು ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ. ತಿದ್ದಿಕೊಂಡ ಮೇಲೆ ಅಲ್ಲ, ತಿರುಗಿ ಬಂದ ಮೇಲೂ ಅಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಪುಸ್ತಕವನ್ನು ಹಿಡಿದುಕೊಂಡು, ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ “ಕ್ಷಮಿಸು ತಾಯಿ, ತಿರುಗಿ ಹೋಗು” ಎಂದು ಬುದ್ಧಿ ಹೇಳುವವರನ್ನು ನೋಡಿದ್ದೇನೆ. ಎರಡನೆಯ ಅಧ್ಯಾಯದ ಬಿರುಸು ಮಾತುಗಳನ್ನು ಗಂಡಸರ ಹಕ್ಕುಪತ್ರ ಮಾಡಿಕೊಂಡವರೂ ಇದ್ದಾರೆ. ಅದು ಓದಲು ಸುಲಭವಾದ ಅಧ್ಯಾಯವಲ್ಲ, ನನಗಂತೂ ಅಲ್ಲ. ಆದರೆ ಇಲ್ಲಿ ಗಂಡನ ಜಾಗದಲ್ಲಿ ದೇವರಿದ್ದಾನೆ. ನಾವೆಲ್ಲ, ಗಂಡಸರೂ ಸೇರಿ, ಗೋಮೆರಳ ಜಾಗದಲ್ಲಿದ್ದೇವೆ. ಪ್ರವಚನ ಹೇಳುವವರು ಸದ್ದಿಲ್ಲದೆ ದೇವರ ಕುರ್ಚಿಯಲ್ಲಿ ಕೂತರೆ ಇಡೀ ಪುಸ್ತಕ ತಲೆಕೆಳಗಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಕೊಟ್ಟವರು ಆ ಸೀಮೆಯವರು ಪೂಜಿಸುತ್ತಿದ್ದ ಬಾಳ್ ಎಂಬ ದೇವತೆಗಳು ಎಂದು ಇಸ್ರಾಯೇಲು ನಂಬಿಬಿಟ್ಟಿತು, ಕೊಟ್ಟವನು ನಾನು ಎಂದು ಅವಳಿಗೆ ತಿಳಿಯಲಿಲ್ಲ ಎನ್ನುತ್ತಾನೆ ದೇವರು. ಒಡಂಬಡಿಕೆಯ ಆರಾಧನೆ ಬರುವ ಹೊತ್ತಿಗೇ ನಮ್ಮ ಕಡೆ ಎಳ್ಳಮಾಸಿಯೂ ಬರುತ್ತದೆ. ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುತ್ತದೆ, ನಮ್ಮ ಮನೆಗೂ ಡಬ್ಬಿ ಬರುತ್ತದೆ. ಆ ವಾರ ಪಕ್ಕದ ಮನೆಯವರ ಹಬ್ಬದ ಕಡೆ ಬೆರಳು ತೋರಿಸುವುದು ಪ್ರಸಂಗ ಮಾಡುವವರಿಗೆ ಬಲು ಸುಲಭ. ಹೋಶೇಯ ಬೆರಳು ತೋರಿಸಿದ್ದು ನೆರೆಯವರ ಕಡೆಗಲ್ಲ. ಮಾತು ಕೊಟ್ಟವರ ಕಡೆಗೆ. ಕೊಡದವರು ಮುರಿಯುವುದಾದರೂ ಏನನ್ನು? ನಮ್ಮ ಬಾಳ್ ನಮ್ಮೊಳಗೇ ಇದ್ದಾನೆ: ಕಮಿಟಿಯ ಕುರ್ಚಿ, ಚರ್ಚಿನ ಜಾಗದ ವ್ಯಾಜ್ಯ, ಒಂದೇ ಬೆಂಚಿನ ಮೇಲೆ ಕೂತು ಮುಖ ತಿರುಗಿಸುವ ಅಣ್ಣತಮ್ಮಂದಿರು. ಹೆಸರು ಬೇಡ.

ಹೋಶೇಯನ ಕೊನೆಯ ಮಗುವಿನ ಹೆಸರು ನನಗೆ ಬೇರೆ ಕಾರಣಕ್ಕೂ ನಾಟುತ್ತದೆ. “ನನ್ನ ಜನವಲ್ಲ.” ಬೀದರ್ ಸೀಮೆಯ ಎಷ್ಟೋ ಮೆಥೋಡಿಸ್ಟ್ ಮನೆತನಗಳ ಹಾಗೆ ನಮ್ಮ ಹಿರಿಯರೂ ಊರ ಹೊರಗಿನ ಕೇರಿಯವರು, ನಿಜಾಮರ ಕಾಲದಲ್ಲಿ ಸುವಾರ್ತೆ ಕೇಳಿ ಬಂದವರು. ಊರ ಬಾವಿಯ ನೀರು ಅವರಿಗೆ ದೂರ. ನೀವು ನಮ್ಮವರಲ್ಲ ಎನ್ನುವುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಅದೇ ಹೋಶೇಯನಲ್ಲಿ ದೇವರು ಆ ಹೆಸರನ್ನು ತಿರುಗಿಸಿ, ನನ್ನ ಜನವಲ್ಲದವರಿಗೆ ನೀವು ನನ್ನ ಜನ ಎನ್ನುವೆನು ಎಂದ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲ ಪತ್ರದಲ್ಲಿ ಆ ಮಾತನ್ನೇ ಎತ್ತಿಕೊಂಡು, ಹಿಂದೆ ನೀವು ಜನವೇ ಆಗಿರಲಿಲ್ಲ, ಈಗ ದೇವರ ಜನ. ಹಿಂದೆ ಕರುಣೆ ಹೊಂದಿರಲಿಲ್ಲ, ಈಗ ಹೊಂದಿದ್ದೀರಿ ಎಂದು ಬರೆದ. ನಮ್ಮ ಮುತ್ತಜ್ಜಿಯರಿಗೆ ಅಕ್ಷರ ಬರುತ್ತಿರಲಿಲ್ಲ, ಈ ವಚನ ಬಾಯಿಪಾಠ ಬರುತ್ತಿತ್ತು. ಹೀಗೆ ಕರೆಸಿಕೊಂಡವರ ಮೊಮ್ಮಕ್ಕಳು ಇವತ್ತು ಇನ್ನೊಬ್ಬರಿಗೆ “ನೀನು ನಮ್ಮವನಲ್ಲ” ಎನ್ನುತ್ತ ಕೋರ್ಟಿಗೆ ಅಲೆಯುತ್ತಿದ್ದೇವಲ್ಲ, ಗೋಮೆರಳು ನಮಗಿಂತ ಎಷ್ಟೋ ವಾಸಿ.

ಆರನೆಯ ಅಧ್ಯಾಯದಲ್ಲಿ ದೇವರು ಆ ಉತ್ತರ ರಾಜ್ಯವನ್ನು ಎಫ್ರಾಯೀಮ್ ಎಂಬ ಅದರ ಇನ್ನೊಂದು ಹೆಸರಿನಿಂದ ಕರೆದು, ಕೈಚೆಲ್ಲಿದವನ ಹಾಗೆ ಮಾತಾಡುತ್ತಾನೆ: ಎಫ್ರಾಯೀಮೇ, ನಿನ್ನನ್ನು ಏನು ಮಾಡಲಿ? ನಿನ್ನ ಪ್ರೀತಿ ಮುಂಜಾನೆಯ ಮಂಜು, ಬೇಗ ಆರಿಹೋಗುವ ಇಬ್ಬನಿ. ಡಿಸೆಂಬರಿನಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಗಂಟೆಗೆ ಜೋಳದ ಗರಿಯಲ್ಲಿ ಧೋತರ ತೊಯ್ಯುವಷ್ಟು ಇಬ್ಬನಿ, ಹೊತ್ತೇರಿದರೆ ಒಂದು ಹನಿಯಿಲ್ಲ. ಒಡಂಬಡಿಕೆಯ ರಾತ್ರಿಯ ನಮ್ಮ ಭಕ್ತಿಯ ಆಯುಷ್ಯ ಅಷ್ಟೇ.

ವಿಚಿತ್ರವೆಂದರೆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇಬ್ಬನಿ ಮತ್ತೆ ಬರುತ್ತದೆ, ಈ ಸಲ ದೇವರ ಪಾಲಿಗೆ. ಅವರ ದ್ರೋಹದ ರೋಗವನ್ನು ವಾಸಿಮಾಡುವೆನು, ಮನಃಪೂರ್ವಕ ಪ್ರೀತಿಸುವೆನು, ಇಸ್ರಾಯೇಲಿಗೆ ನಾನು ಇಬ್ಬನಿಯಂತಾಗುವೆನು ಎನ್ನುತ್ತಾನೆ. ಹಿಂಗಾರಿ ಜೋಳ ಬೆಳೆದವರಿಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ಹೊಳೆಯುತ್ತದೆ. ಬಿತ್ತಿದ ಮೇಲೆ ಅದಕ್ಕೆ ಮಳೆಯ ಭರವಸೆ ಇಲ್ಲ. ಕರಿನೆಲ ಹಿಡಿದಿಟ್ಟ ಹಸಿ, ರಾತ್ರಿ ಬೀಳುವ ಇಬ್ಬನಿ, ಇಷ್ಟರಲ್ಲೇ ತೆನೆ ಕಟ್ಟಬೇಕು. ಬಿದ್ದದ್ದು ಬಿಸಿಲಿಗೆ ಹೋಗುತ್ತದೆ ನಿಜ, ರಾತ್ರಿಯಾದರೆ ಮತ್ತೆ ಬೀಳುತ್ತದೆ. ನಮ್ಮ ಪ್ರೀತಿ ಇಬ್ಬನಿಯಂತೆ ಹೋಗುತ್ತದೆ, ಅವನದು ಇಬ್ಬನಿಯಂತೆ ಬರುತ್ತದೆ. ಪ್ರಲಾಪಗಳ ಪುಸ್ತಕ ಹಾಳೂರಿನ ನಡುವೆ ಕೂತು ಹೇಳಿದ್ದೂ ಇದನ್ನೇ: ಆತನ ಕರುಣೆ ದಿನದಿನವೂ ಹೊಸದು.

ಹನ್ನೊಂದನೆಯ ಅಧ್ಯಾಯಕ್ಕೆ ಬಂದರೆ ಗಂಡ ಹೋಗಿ ತಂದೆಯಾಗುತ್ತಾನೆ. ಎಫ್ರಾಯೀಮನಿಗೆ ನಡೆದಾಡಲು ಕಲಿಸಿದವನು ನಾನು, ತೋಳಲ್ಲಿ ಎತ್ತಿಕೊಂಡವನು ನಾನು. ಈಗ ಹೇಗೆ ಕೈಬಿಡಲಿ, ಹೇಗೆ ಒಪ್ಪಿಸಿಬಿಡಲಿ? ಶಿಕ್ಷೆಯ ಮಾತೆಲ್ಲ ಆಡಿ ಮುಗಿಸಿದ ಮೇಲೆ ಬರುವ ಕಾರಣ ನೋಡಿ: ನಾನು ದೇವರು, ಮನುಷ್ಯನಲ್ಲ. ಮನುಷ್ಯನಾಗಿದ್ದರೆ ಬಿಟ್ಟುಬಿಡುತ್ತಿದ್ದೆ ಎಂದಂತಲ್ಲವೇ ಇದು? ದೇವರ ದೊಡ್ಡತನವನ್ನು ನಾವು ಗುಡುಗು ಸಿಡಿಲಿನಲ್ಲಿ ಹುಡುಕುತ್ತೇವೆ, ಆತ ಅದನ್ನು ತೋರಿಸಿಕೊಂಡದ್ದು ಕೈಬಿಡಲಾರದ ಸಂಕಟದಲ್ಲಿ. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುವನು, ತನ್ನ ಸ್ವಭಾವಕ್ಕೆ ತಾನು ವಿರೋಧವಾಗಲಾರನು ಎಂದು ಪೌಲನು ತಿಮೊಥೆಯನಿಗೆ ಬರೆದದ್ದರ ಬೇರು ಇಲ್ಲಿದೆ ಎನಿಸುತ್ತದೆ.

ಹಾಗಾದರೆ ಹೇಗೆ ನಡೆದರೂ ಆದೀತೇ ಎಂದು ಕೇಳುವವರಿಗೆ ಪೌಲನೇ ರೋಮಾಪುರದ ಪತ್ರದಲ್ಲಿ “ಎಂದಿಗೂ ಇಲ್ಲ” ಎಂದಿದ್ದಾನೆ. ಅಷ್ಟು ಸಾಕು.

ಆ ಆಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಪೇತ್ರನ ಕಥೆಯಲ್ಲಿದೆ. ಎಲ್ಲರೂ ಬಿಟ್ಟುಹೋದರೂ ನಾನು ಬಿಡೆ ಎಂದು ಎದೆತಟ್ಟಿ ಮಾತು ಕೊಟ್ಟವನು ಅವನು. ಕೋಳಿ ಕೂಗುವಷ್ಟರಲ್ಲಿ, ಮಹಾಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸುತ್ತ, ಮೂರು ಸಲ “ಅವನಾರೋ ನನಗೆ ಗೊತ್ತಿಲ್ಲ” ಎಂದ. ಯೇಸು ಎದ್ದುಬಂದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಮೊದಲು ಉಣಿಸಿದ, ಆಮೇಲೆ ಮಾತಾಡಿಸಿದ. ಅಂದು ಯಾಕೆ ಹಾಗಂದೆ ಎಂದು ಕೇಳಲಿಲ್ಲ. ಇನ್ನು ಮೇಲಾದರೂ ಬಿಡುವುದಿಲ್ಲ ಎಂದು ಆಣೆ ಇಡು ಎನ್ನಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ಕೆಲಸ ಕೊಟ್ಟ: ನನ್ನ ಕುರಿಗಳನ್ನು ನೋಡಿಕೋ. ಮಾತು ಮುರಿದವನ ಕೈಗೇ ಮಂದೆ.

ಪೇತ್ರನಾದರೂ ಏನು ಮಾಡಿದ? ಅಷ್ಟು ದೊಡ್ಡ ಕ್ಷಮೆ ಸಿಕ್ಕು ಒಂದು ಗಳಿಗೆಯಾಗಿಲ್ಲ, ಹಿಂದೆ ತಿರುಗಿ ನೋಡಿದ. ಯೇಸುವಿಗೆ ಪ್ರಿಯನಾದ ಶಿಷ್ಯ ಬರುತ್ತಿದ್ದ. “ಸ್ವಾಮೀ, ಇವನದೇನು?” ಎಂದು ಕೇಳಿಯೇಬಿಟ್ಟ. ಅದರಿಂದ ನಿನಗೇನಾಗಬೇಕು, ನೀನು ನನ್ನ ಹಿಂದೆ ಬಾ ಎಂದ ಯೇಸು. ಪ್ರಭುಭೋಜನಕ್ಕೆ ಮೊಣಕಾಲೂರಿದ ಸಾಲಿನಲ್ಲಿ, ರೊಟ್ಟಿ ಇನ್ನೂ ಬಾಯಲ್ಲಿರುವಾಗಲೇ, ಪಕ್ಕದವರು ಯಾರು ಬಂದಿದ್ದಾರೆ ಎಂದು ಓರೆಗಣ್ಣಿನಲ್ಲಿ ನೋಡುವ ನಮ್ಮೂರಿನ ನಮಗೂ ಅದೇ ಮಾತು.