ಒಬಾಮಾದ ಅರಗಿನ ಹಾಶಿಗಳು

ಜಪಾನ್ ಸಮುದ್ರದ ದಂಡೆಯ ಮೇಲಿರುವ ಒಬಾಮಾ, ಫುಕುಯಿ ಪ್ರಾಂತ್ಯದ ಒಂದು ಸಣ್ಣ ಊರು. ದೇಶದಲ್ಲಿ ತಯಾರಾಗುವ ಮೆರುಗು ಹಚ್ಚಿದ ಹಾಶಿಗಳಲ್ಲಿ, ಅಂದರೆ ಊಟದ ಕಡ್ಡಿಗಳಲ್ಲಿ, ಸುಮಾರು ಶೇ. 80ರಷ್ಟು ಇಲ್ಲಿಯವೇ. 17ನೇ ಶತಮಾನದ ಆರಂಭದಲ್ಲಿ ಬೇರೂರಿದ ಇಲ್ಲಿನ ‘ವಾಕಾಸಾ ನುರಿ’ ಅರಗಿನ ಕಲೆಯನ್ನು ನೋಡಲೆಂದೇ ನಾನು ಒಂದು ಇಡೀ ದಿನವನ್ನು ಆ ಊರಿಗಾಗಿ ಮೀಸಲಿಟ್ಟಿದ್ದೆ.

ಚನ್ನಪಟ್ಟಣದ ಬೊಂಬೆಗಳ ಅರಗು ಕೀಟದಿಂದ ಬರುತ್ತದೆ. ಇಲ್ಲಿಯದು ಉರುಶಿ ಮರದ ಸೊನೆ. ಮಾವು, ಗೇರುಗಳ ಕುಟುಂಬಕ್ಕೇ ಸೇರಿದ ಈ ಮರದ ಹಸಿ ಸೊನೆ ಮೈಗೆ ತಗುಲಿದರೆ ಚರ್ಮ ಕೆಂಪೇರಿ ಬೊಬ್ಬೆ ಏಳುತ್ತದೆ. ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಅದು ಗಟ್ಟಿಯಾಗುವ ಬಗೆ. ಉರುಶಿಗೆ ಬಿಸಿಲು ಬೇಡ, ತೇವ ಬೇಕು; ಸೊನೆಯಲ್ಲಿರುವ ಕಿಣ್ವ ಕೆಲಸ ಮಾಡುವುದೇ ತೇವಭರಿತ ಬೆಚ್ಚನೆಯ ಗಾಳಿಯಲ್ಲಾದ್ದರಿಂದ, ಬಳಿದ ಕಡ್ಡಿಗಳನ್ನು ತೇವವನ್ನು ಕಾಪಾಡುವ ಮರದ ಕಪಾಟಿನೊಳಗೆ ಇಡುತ್ತಾರೆ.

ಕಡ್ಡಿಗೆ ಅರಗು ಬಳಿದು, ಅದರ ಮೇಲೆ ಮೊಟ್ಟೆಯ ಓಡಿನ ಚೂರು, ಅಬಲೋನಿ ಚಿಪ್ಪಿನ ಹೊಳೆಯುವ ತುಣುಕು, ಪೈನ್ ಮರದ ಎಲೆಗಳಿಂದ ಚಿತ್ತಾರ ಮೂಡಿಸಿ, ಅವೆಲ್ಲ ಪೂರ್ತಿ ಹೂತುಹೋಗುವವರೆಗೆ ಬಣ್ಣಬಣ್ಣದ ಅರಗನ್ನು ಪದರ ಪದರವಾಗಿ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಇಷ್ಟೆಲ್ಲ ದುಡಿಮೆಯ ಬಳಿಕ ಕೈಯಲ್ಲಿ ಉಳಿಯುವುದು ಉಬ್ಬುತಗ್ಗಿನ, ನೋಡಲು ಏನೂ ಇಲ್ಲದ ಒಂದು ಕಡ್ಡಿ. ಚಿತ್ತಾರ ಕಾಣಬೇಕಾದರೆ ಅದನ್ನು ಉಜ್ಜಿ ಹೊರತೆಗೆಯಬೇಕು.

ಉಜ್ಜುವ ಆ ಕೊನೆಯ ಹಂತವನ್ನು ಪ್ರವಾಸಿಗರೂ ಮಾಡಿ ನೋಡಲು ಅಲ್ಲಿ ಅವಕಾಶವಿದೆ. ಮಸುಕಾದ ಕಡ್ಡಿಯೊಂದನ್ನು ಉಜ್ಜುವ ಯಂತ್ರಕ್ಕೆ ಮೆಲ್ಲಗೆ ಒತ್ತಿ ಹಿಡಿದಾಗ ಮೊದಲು ಕೆಂಪು ಉಂಗುರವೊಂದು ಮೂಡಿತು, ಅದರೊಳಗೆ ಹಳದಿ ಗೆರೆ ತೆರೆದುಕೊಂಡಿತು, ಬಳಿಕ ಸಾಸಿವೆಯಷ್ಟು ಚಿಪ್ಪಿನ ಚೂರು ನೀಲಿ ಹಸಿರಾಗಿ ಮಿನುಗಿತು. ಇನ್ನೆರಡು ಸುತ್ತು ಹೆಚ್ಚು ಉಜ್ಜಿದ್ದರೆ ಆ ಚೂರೇ ಸವೆದುಹೋಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳ ತುದಿಯಿಂದಲೇ ಅರಿಯುವುದರಲ್ಲಿ ಈ ಕಸುಬಿನ ನಿಜವಾದ ಹೆಚ್ಚುಗಾರಿಕೆ ಇದೆ ಎಂದು ನನಗೆ ಅನ್ನಿಸಿತು.

ಇಂದು ಅಂಗಡಿಗಳಲ್ಲಿ ಸಿಗುವ ಬಹುಪಾಲು ಜೋಡಿಗಳಿಗೆ ಹಚ್ಚಿರುವುದು ಕೃತಕ ರಾಳ. ಅವು ಅಗ್ಗ, ನಿತ್ಯದ ಬಳಕೆಗೆ ಅನುಕೂಲ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೂ ನಾನು ಉರುಶಿಯದನ್ನೇ ಕೇಳಿ, ಹಲವು ಪಟ್ಟು ಹೆಚ್ಚಿನ ಬೆಲೆ ತೆತ್ತು ಒಂದು ಜೋಡಿ ಕೊಂಡೆ. ಅದರ ಹಿಂದಿನ ಕೆಲಸವನ್ನು ಕಣ್ಣಾರೆ ಕಂಡಿದ್ದರಿಂದ ಆ ಬೆಲೆ ದುಬಾರಿ ಎನಿಸಲಿಲ್ಲ.