ಮೈಲುತುತ್ತಿನ ನೀಲಿ

ವಸ್ತುವನ್ನು ಮೊದಲಿನ ಸ್ಥಿತಿಗೆ ಮರಳಿ ತರಬಹುದಾದರೆ ಭೌತ ಬದಲಾವಣೆ, ತರಲಾಗದಿದ್ದರೆ ರಾಸಾಯನಿಕ ಬದಲಾವಣೆ ಎಂದು ಎಂಟನೆಯ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆವು. ಮಂಜುಗಡ್ಡೆ ಕರಗುವುದು ಮೊದಲನೆಯದಕ್ಕೆ, ಕಾಗದ ಉರಿಯುವುದು ಎರಡನೆಯದಕ್ಕೆ ಉದಾಹರಣೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ನಮ್ಮ ವಿಜ್ಞಾನದ ಮಾಸ್ತರರಿಗೆ ಸಾಕಾಗಲಿಲ್ಲ.

ಶಿರಸಿ ಸೀಮೆಯ ಅಡಿಕೆ ತೋಟದವರ ಮಕ್ಕಳೇ ಹೆಚ್ಚಾಗಿದ್ದ ಆ ತರಗತಿಗೆ ಅವರು ಒಂದು ದಿನ ಮೈಲುತುತ್ತಿನ ಹರಳುಗಳನ್ನು ತಂದರು. ಕೊಳೆರೋಗಕ್ಕೆ ಮದ್ದು ಹೊಡೆಸಲು ಮಳೆಗಾಲದ ಮುಂಚೆ ಎಲ್ಲರ ಮನೆಗೂ ಬರುತ್ತಿದ್ದ ವಸ್ತು ಅದು. ಚಿಟಿಕೆ ಹರಳನ್ನು ಪ್ರನಾಳಕ್ಕೆ ಹಾಕಿ, ಅದರ ಬಾಯಿ ತುಸು ಕೆಳಗೆ ಬಾಗುವಂತೆ ಹಿಡಿದು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಮಾಸುತ್ತ ಮಾಸುತ್ತ ಬೂದುಬಿಳುಪಿನ ಪುಡಿ ಉಳಿಯಿತು. ಪ್ರನಾಳದ ಬಾಯಿಯ ಬಳಿ ನೀರಿನ ಸಣ್ಣ ಹನಿಗಳು ಕೂತಿದ್ದವು. ಪೂರ್ತಿ ಆರಿದ ಮೇಲೆ ನಾಲ್ಕು ಹನಿ ನೀರು ಬಿಟ್ಟರು. ನೀಲಿ ಮರಳಿ ಬಂತು. ನಾನು ಎದ್ದು ನಿಂತು, ‘ಭೌತ ಬದಲಾವಣೆ ಸರ್’ ಎಂದೆ. ಅವರು ತಪ್ಪೆನ್ನದೆ ಪ್ರನಾಳವನ್ನು ನನ್ನ ಕೈಗಿತ್ತರು. ಅದು ಬಿಸಿಯಾಗಿತ್ತು.

ತಣ್ಣಗಿನ ಪುಡಿಗೆ ತಣ್ಣೀರು ಬಿದ್ದರೆ ಬಿಸಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ನಿಜವಾದ ಪಾಠ ಆರಂಭವಾಯಿತು. ಮೈಲುತುತ್ತಿನ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಪ್ರತಿ ಘಟಕಕ್ಕೂ ನೀರಿನ 5 ಅಣುಗಳು ಸೇರಿಕೊಂಡಿರುತ್ತವೆ. 100 ಗ್ರಾಂ ಹರಳಿನಲ್ಲಿ ಸುಮಾರು 36 ಗ್ರಾಂ ನೀರೇ ಇರುತ್ತದೆ. ಕಾಯಿಸಿದಾಗ ಆ ನೀರು ಬಿಟ್ಟುಹೋಗಿ ಬೇರೆಯೇ ಪದಾರ್ಥ ಉಳಿಯುತ್ತದೆ. ನೀರು ಮತ್ತೆ ಕೂಡಿಕೊಳ್ಳುವಾಗ ಶಾಖ ಹೊರಬರುತ್ತದೆ. ಮರಳಿ ಬಂದರೂ ಅದು ರಾಸಾಯನಿಕವೇ. ತುರಿದ ತೆಂಗಿನಕಾಯಿ ಮತ್ತೆ ಹೋಳಾಗದು, ಆದರೂ ಅದು ಭೌತ. ಬಣ್ಣ, ಬಿಸಿ, ಗುಳ್ಳೆ ಇವೆಲ್ಲ ಸುಳಿವುಗಳು ಮಾತ್ರ, ಹೊಸ ಪದಾರ್ಥ ಹುಟ್ಟಿತೇ ಎಂದು ಕೇಳಬೇಕು ಎಂದು ಅವರು ಹೇಳಿದ್ದನ್ನು ನಾನು ಇಂದಿಗೂ ಆ ಪಾಠದ ತಿರುಳೆಂದು ನಂಬಿದ್ದೇನೆ.

ನಮ್ಮ ಮನೆಯ ಅಂಗಳದಲ್ಲಿ ಕೊಳೆರೋಗದ ಮದ್ದು ಕಲಸುವಾಗ ಪ್ರತಿ ವರ್ಷವೂ ಇಂಥದೇ ಪ್ರಯೋಗ ನಡೆಯುತ್ತಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದನ್ನು ಪುಸ್ತಕಗಳು ಭೌತ ಬದಲಾವಣೆಯೆಂದೇ ಎಣಿಸುತ್ತವೆ, ಏಕೆಂದರೆ ನೀರು ಆರಿದರೆ ಅದೇ ಹರಳು ಸಿಗುತ್ತದೆ. ಇನ್ನೊಂದು 50 ಲೀಟರ್ ನೀರಿನಲ್ಲಿ ಒಂದು ಕಿಲೋ ಸುಣ್ಣ ಕದಡಿದ ಹಾಲಿನಂಥ ನೀರಿಗೆ ಅದನ್ನು ಸುರಿದು ಕಲಸಿದೊಡನೆ ತಾಮ್ರದ ಹೈಡ್ರಾಕ್ಸೈಡಿನಿಂದ ಕೂಡಿದ ಆಕಾಶನೀಲಿಯ ಗಷ್ಟು ಹುಟ್ಟುತ್ತದೆ. ಎಷ್ಟು ಆರಿಸಿದರೂ ಹಳೆಯ ಹರಳು ಅದರಿಂದ ಬರುವುದಿಲ್ಲ.

ಸುಣ್ಣ ಸಾಕಾಯಿತೇ ಎಂದು ತಿಳಿಯಲು ಅಪ್ಪಯ್ಯ ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಅಲಗು ಕೆಂಪಾದರೆ ಮತ್ತಷ್ಟು ಸುಣ್ಣ. ಕಬ್ಬಿಣ ದ್ರಾವಣಕ್ಕೆ ಇಳಿದು, ತಾಮ್ರ ಅದರ ಜಾಗದಲ್ಲಿ ಬಂದು ಕೂರುವುದರಿಂದ ಆ ಕೆಂಪು. ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸದಿರುವುದೂ ಇದರಿಂದಲೇ. ಕಳೆದ ಜೂನಿನಲ್ಲಿ ನಾನು ಅದ್ದಿದ ಅಲಗು ಕೆಂಪಾದಾಗ, ಪಕ್ಕದಲ್ಲಿದ್ದ ಮಗಳು ಅದು ತುಕ್ಕೇ ಎಂದು ಕೇಳಿದಳು. ಚಾಕುವನ್ನು ಅವಳ ಕೈಗೆ ಕೊಟ್ಟು, ಉಗುರಿನಿಂದ ಕೆರೆದು ನೋಡಲು ಹೇಳಿದೆ.