ಆ ಬೇವಿನ ಮರ ನಮ್ಮದಲ್ಲ

2024ರ ಮೇ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮದು ಚಿತ್ರದುರ್ಗ ಜಿಲ್ಲೆ, ಮಳೆ ನಂಬಿಕೊಂಡ ಹೊಲ. ಹಿಂದಿನ ವರ್ಷದ ಮುಂಗಾರಿಗೆ ಹಾಕಿದ್ದ ಶೇಂಗಾ ಕಾಯಿ ಕಟ್ಟೋ ಮೊದಲೇ ಒಣಗಿಹೋಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಯಾರ ಮನೆ ಕಥೆಯೂ ಬೇರೆ ಇರಲಿಲ್ಲ.

ಪರಿಹಾರದ ದುಡ್ಡಿಗಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ತನಕ ಹೋಗಿ, ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿ, ನಮ್ಮೂರಲ್ಲೂ ಒಬ್ಬೊಬ್ಬರ ಮೊಬೈಲಿಗೆ ಮೆಸೇಜ್ ಬರ್ತಾ ಇತ್ತು. ಅಪ್ಪನಿಗೆ ಬರಲಿಲ್ಲ. ಜನವರಿಯಲ್ಲಿ ಅಕ್ಕಪಕ್ಕದವರಿಗೆ ಬಂದಿದ್ದ 2,000 ರೂಪಾಯಿಯ ಮೊದಲ ಕಂತೂ ಬಂದಿರಲಿಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅಂದರೆ ನಮ್ಮ ಮೂರು ಎಕರೆಗೆ ಹತ್ತು ಸಾವಿರದ ಮೇಲೆ. ಬೀಜ, ಗೊಬ್ಬರದ ಸಾಲ ತೀರಿಸೋ ದುಡ್ಡು ಅದು. ಅಪ್ಪ ಎರಡು ಸಲ ಕಚೇರಿಗೆ ಅಲೆದಿದ್ದರು. ಎರಡು ಸಲವೂ "ಬರುತ್ತೆ, ಹೋಗಿ" ಅಂದಿದ್ದರಂತೆ.

ಸಂಜೆ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಪರಿಹಾರದ ಪಟ್ಟಿ ತೆಗೆದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿದರೆ ಹೆಸರುಗಳು ಬರುತ್ತವೆ. ಒಂದೊಂದೇ ಓದಿದೆ. ಅಪ್ಪನ ಹೆಸರಿಲ್ಲ. ಆಮೇಲೆ, ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಯಾವ ಹೊಲಕ್ಕೆ ಯಾವ ಬೆಳೆ ಅಂತ ಬರೆದಿದ್ದಾರೆ ಅನ್ನೋದನ್ನು ತೋರಿಸೋ ಬೆಳೆ ದರ್ಶಕ ಆ್ಯಪ್‌ನಲ್ಲಿ ನಮ್ಮ ಸರ್ವೆ ನಂಬರ್ ಹಾಕಿದೆ. ಬೆಳೆ ಅನ್ನೋ ಕಡೆ "ಬೀಳು" ಅಂತಿತ್ತು! ಜೊತೆಗೆ ಒಂದು ಫೋಟೋ. ಒಣ ಹುಲ್ಲು, ಕಲ್ಲಿನ ಗುಡ್ಡೆ, ಹಿಂದೆ ಒಂದು ಬೇವಿನ ಮರ.

ಅಪ್ಪ ಕನ್ನಡಕ ಹಾಕಿಕೊಂಡು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದು ನಮ್ಮ ಹೊಲ ಅಲ್ಲ ಕಣಪ್ಪ. ಆ ಬೇವಿನ ಮರ ಹಳ್ಳದ ಆ ಕಡೆದು" ಅಂದರು.

ನಕ್ಷೆಯ ಗಡಿ ತಪ್ಪಿತ್ತೋ, ಸಮೀಕ್ಷೆಗೆ ಬಂದ ಹುಡುಗ ಬದುವಿನಾಚೆಯೇ ನಿಂತು ಫೋಟೋ ಹೊಡೆದನೋ ಗೊತ್ತಿಲ್ಲ. ಆ ಒಂದು ಪದದಿಂದ ಅಪ್ಪ ಬಿತ್ತಿಯೇ ಇಲ್ಲ ಅಂತಾಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಆದರೆ ಆ ಫೋಟೋ ಎಲ್ಲರೂ ನೋಡೋ ಹಾಗೆ ಇಟ್ಟಿದ್ದರಿಂದ ತಾನೇ ತಪ್ಪು ಸಿಕ್ಕಿದ್ದು? ಇಲ್ಲದಿದ್ದರೆ ಇನ್ನೂ "ಬರುತ್ತೆ" ಅಂತ ಕಾಯ್ತಾ ಇರ್ತಿದ್ವಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಸಹಾಯಧನ ಯಾರಿಗೆ, ಎಷ್ಟು ಅನ್ನೋದನ್ನು ಯಾರೂ ಕೇಳದೇ ಇದ್ದರೂ ಪ್ರಕಟಿಸಬೇಕು ಅಂತಿದೆ. ಅದು 2005ರ ಕಾಯ್ದೆ. ನಮ್ಮ ಪಂಚಾಯ್ತಿ ಗೋಡೆ ಮೇಲೆ ಮಾತ್ರ ನಾನು ನೋಡಿದಾಗ ಒಂದು ಹಾಳೆಯೂ ಇರಲಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕು?

ಮಾರನೇ ದಿನ ಅರ್ಜಿ ಬರೆದು, ಪಹಣಿ, ಬೀಜ ಕೊಂಡ ರಸೀದಿ, ಆ ಫೋಟೋ ಎಲ್ಲ ಲಗತ್ತಿಸಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬಂದೆ. ಹಾಗೇ ಜೆರಾಕ್ಸ್ ಅಂಗಡಿಯಲ್ಲಿ ಊರಿನ ಇಡೀ ಪಟ್ಟಿ ಪ್ರಿಂಟ್ ತೆಗೆಸಿದೆ. ದೇವಸ್ಥಾನದ ಕಟ್ಟೆ ಮೇಲೆ ಅಪ್ಪ ಗಟ್ಟಿಯಾಗಿ ಓದುತ್ತಾ ಹೋದರು. ಜನ ಸೇರಿದರು. ಒಬ್ಬರು "ಯಾರಿಗೆ ಎಷ್ಟು ಅಂತ ಹೀಗೆ ಓದಬಾರದು" ಅಂತ ಸಿಟ್ಟಾದರು. ಅವರ ಮುಜುಗರ ಅರ್ಥವಾಗುತ್ತೆ, ಆದರೆ ಇದು ಎಲ್ಲರ ತೆರಿಗೆ ದುಡ್ಡು ಅಲ್ವಾ?

ಆರನೇ ಹಾಳೆಗೆ ಬಂದಾಗ ಹಿಂದಿನ ಬೀದಿ ಅಜ್ಜಿ ಹೆಸರು ಬಂತು. ಹಣ ಜಮಾ ಆಗಿದೆ ಅಂತಿತ್ತು. "ನಂಗೆ ಬಂದೇ ಇಲ್ಲವಲ್ಲೋ, ಬ್ಯಾಂಕಲ್ಲಿ ಕೇಳಿದೀನಿ" ಅಂದರು. ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ದುಡ್ಡು ಹೋಗೋದು. ವಿಚಾರಿಸಿದರೆ ಪೋಸ್ಟ್ ಆಫೀಸಲ್ಲಿ ಯಾವಾಗಲೋ ತೆರೆಸಿದ್ದ ಖಾತೆ ನೆನಪಾಯಿತು. ಅಜ್ಜಿ ಮನೆಗೆ ಓಡಿ, ಸೆರಗಲ್ಲಿ ಸುತ್ತಿದ್ದ ಕಾರ್ಡು ತಂದು ನನ್ನ ಕೈಗಿಟ್ಟು, "ಈಗಲೇ ಹೋಗೋಣ, ಬಾ" ಅಂದರು.